ಮೀನುನೀರಿನ ತೆನೆ

ಚಿತ್ತರಂಜನ ಆಳ್ವ ತೀರಿಕೊಂಡಾಗ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ಫಳ್ನೀರಿನ ಹೋಟೆಲೊಂದರ ವ್ಯವಸ್ಥಾಪಕರಾಗಿದ್ದರು, ಅವಿವಾಹಿತರು, ಸಹೋದರಿಯನ್ನು ಅಗಲಿದ್ದಾರೆ ಎಂದು. ಅವನು ವ್ಯವಸ್ಥಾಪಕನಾಗಿರಲಿಲ್ಲ. ತಂಗಿಯ ಗಂಡನ ಹೋಟೆಲಿನ ಗಲ್ಲಾದಲ್ಲಿ ಕೂತು ಬಿಲ್ಲು ತೆಗೆದುಕೊಳ್ಳುತ್ತಿದ್ದ. ಹಾಗೆ ಬರೆಯಲು ಮನೆಯವರಿಗೆ ನಾಚಿಕೆಯಾಗಿರಬೇಕು. ಅವನಿಗೆ ಗಲ್ಲಾದ ಬಗ್ಗೆ ನಾಚಿಕೆ ಇರಲಿಲ್ಲ. ಅವನ ನಾಚಿಕೆ ಬೇರೆಯದೇ ಇತ್ತು. ಅದರ ಬಗ್ಗೆ ಬರೆಯುವವರು ಯಾರೂ ಇಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ನಾನು ಜಮಾಲುದ್ದೀನ್. ಬಂದರಿನಲ್ಲಿ ನಮ್ಮದು ಜೀನಸಿನ ಅಂಗಡಿ. ಚಿತ್ತ ಮತ್ತು ನಾನು ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಪೊಟ್ಟಣ ಕಟ್ಟಲು ನಾವು ಹಳೆಯ ಕಾಗದವನ್ನು ತೂಕದಲ್ಲಿ ತರುತ್ತಿದ್ದೆವು. ಅದರಲ್ಲಿ ಓದುವಂಥದ್ದೇನಾದರೂ ಇದ್ದರೆ ಎತ್ತಿಡುವುದು ನನ್ನ ಚಟ. ಎತ್ತಿಟ್ಟದ್ದನ್ನು ಓದಲು ಸಂಜೆ ಬಂದು ಅಕ್ಕಿಮೂಟೆಯ ಮೇಲೆ ಕೂರುವುದು ಅವನ ಚಟ.

ಅವರ ಮನೆ ಅತ್ತಾವರದಲ್ಲಿ. ಅವರ ಅಳಿಯಕಟ್ಟಿನ ಪದ್ಧತಿಯಲ್ಲಿ ಮನೆ ಹೆಣ್ಣಿನದು, ಯಜಮಾನಿಕೆ ಅವಳ ಅಣ್ಣನದು. ಆದ್ದರಿಂದ ಮನೆ ತಂಗಿ ಶಶಿಪ್ರಭಾಳದ್ದಾಗಿತ್ತು, ಯಜಮಾನ ಚಿತ್ತ. ಕಾವೂರಿನಿಂದ ಆಚೆ ಅವರಿಗೆ ಗದ್ದೆಗಳಿದ್ದವು. ಒಕ್ಕಲುಗಳು ಉಳುತ್ತಿದ್ದರು, ಗೇಣಿಯ ಅಕ್ಕಿ ಗಾಡಿಯಲ್ಲಿ ಮನೆಗೆ ಬರುತ್ತಿತ್ತು. ಎಪ್ಪತ್ತರ ದಶಕದಲ್ಲಿ ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ಭೂನ್ಯಾಯಮಂಡಳಿಯವರು ಚಿತ್ತನನ್ನು ಯಜಮಾನನೆಂದು ಕರೆದು ಕೇಳಿದರು: ಈ ಗದ್ದೆಗಳನ್ನು ನೀವೇ ಸಾಗುವಳಿ ಮಾಡುತ್ತಿದ್ದೀರೋ? ಹೌದೆಂದು ಹೇಳಿ, ಎರಡು ಸಾಕ್ಷಿ ಹಾಕಿ, ಒಂದಷ್ಟು ಉಳಿಸಿಕೊಂಡ ಮನೆಗಳು ನಮ್ಮ ಸುತ್ತಲೂ ಇದ್ದವು. ಚಿತ್ತ ಹೇಳಿದ್ದು ಇಷ್ಟೇ: "ಇಲ್ಲ. ನಾನು ಗದ್ದೆಯ ಕೆಸರಿಗೆ ಕಾಲು ಹಾಕಿದವನಲ್ಲ. ನನ್ನ ಸೋದರಮಾವನೂ ಹಾಕಿದವರಲ್ಲ."

ಆ ಉತ್ತರಕ್ಕಾಗಿ ಮನೆಯವರು ಅವನನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ಶಶಿಪ್ರಭಾಳ ಗಂಡ ನಿತ್ಯಾನಂದ ನಗುನಗುತ್ತಲೇ ಹೇಳುತ್ತಿದ್ದ: "ನಮ್ಮ ಭಾವ ಸತ್ಯ ಹರಿಶ್ಚಂದ್ರ. ನಮಗೆ ಮಾತ್ರ ರೇಶನ್ ಅಕ್ಕಿ." ಗಲ್ಲಾದಲ್ಲಿ ಅವನಿಗೆ ಕುರ್ಚಿ ಹಾಕಿಕೊಟ್ಟದ್ದೂ ಇದೇ ನಗುವಿನಲ್ಲಿ.

ಅವರಲ್ಲಿ ಒಂದು ಕ್ರಮ ಉಂಟು. ಭತ್ತ ತೆನೆ ಹಾಕಿದಾಗ ಮನೆಯ ಯಜಮಾನ ಮಿಂದು, ಗದ್ದೆಯಿಂದ ಒಂದಷ್ಟು ತೆನೆ ಕೊಯ್ದು, ತಲೆಯ ಮೇಲಿಟ್ಟು ತರುತ್ತಾನೆ. ಮನೆಯವರು "ಪೊಲಿ ಪೊಲಿ" ಎನ್ನುತ್ತಾರೆ, ಸಮೃದ್ಧಿಯಾಗಲಿ ಎಂದು. ತೆನೆಯನ್ನು ತುಳಸಿಕಟ್ಟೆಯಲ್ಲಿಟ್ಟು ಪೂಜೆ ಮಾಡಿ, ದೇವರ ಕೋಣೆಗೆ, ಬಾಗಿಲಿಗೆ, ಬಾವಿಗೆ ಕಟ್ಟುತ್ತಾರೆ. ಅದರ ಕೆಲವು ಕಾಳು ಸುಲಿದು ಅನ್ನಕ್ಕೆ ಸೇರಿಸಿ ಎಲ್ಲರೂ ಕೂಡಿ ಉಣ್ಣುವುದೇ ಹೊಸ ಅಕ್ಕಿ ಊಟ. ಉಣ್ಣುವ ಮೊದಲು ಕಿರಿಯರು ಹಿರಿಯರ ಕಡೆ ತಿರುಗಿ "ಹೊಸತು ಉಣ್ತೇನೆ" ಎಂದು ಕೇಳಬೇಕು, ಹಿರಿಯರು "ಉಣ್ಣು" ಎನ್ನಬೇಕು. ಗದ್ದೆ ಹೋದ ಮೊದಲ ವರ್ಷ ಹಳೆಯ ಒಕ್ಕಲು ಕಿನ್ನಿ ತಾನಾಗಿಯೇ ಒಂದು ಹಿಡಿ ತೆನೆ ತಂದುಕೊಟ್ಟ. ಶಶಿಪ್ರಭಾ ಅದನ್ನು ತೆಗೆದುಕೊಂಡು, ಒಳಗೆ ಹೋಗಿ ಅತ್ತಳು. ಮರುವರ್ಷದಿಂದ ಮಾರ್ಕೆಟಿನ ತೆನೆ ಬಂತು, ಹೂವಿನವಳ ಬುಟ್ಟಿಯಿಂದ.

ಮಾರ್ಕೆಟಿನ ತೆನೆ ಮೊದಲ ಸಲ ಬಂದ ದಿನ ಸಂಜೆ ಚಿತ್ತ ನನ್ನ ಅಂಗಡಿಯಲ್ಲಿ ಹೇಳಿದ:

"ಗದ್ದೆ ಹೋದದ್ದಕ್ಕೆ ನನಗೆ ಬೇಸರ ಇಲ್ಲ ಜಮಾಲ್. ಹೋಗಬೇಕಾದವರಿಗೇ ಹೋಯಿತು. ಆದರೆ ನಾನು ಅಲ್ಲಿ ಹೇಳಿದ್ದು ಸತ್ಯ ಅಲ್ಲವಾ, ಅದು ಚುಚ್ತದೆ. ಇಷ್ಟು ವರ್ಷ ಉಂಡಿದ್ದೇನೆ, ಒಂದು ಕಾಳು ಬೆಳೆದವನಲ್ಲ. ಒಂದು ಸಲವಾದರೂ ನಾನು ಬೆಳೆದದ್ದು ಶಶಿಯ ಎಲೆಗೆ ಬೀಳಬೇಕು."

"ಎಲ್ಲಿ ಬೆಳೀತಿ? ಹಿತ್ತಿಲಲ್ಲಿ ಬಟ್ಟೆ ಒಣಗಿಸಲು ಜಾಗ ಇಲ್ಲ."

"ಅದೇ," ಎಂದ.

ಅದಾಗಿ ಕೆಲವು ತಿಂಗಳ ಮೇಲೆ ಹಳೆಯ ಕಾಗದದ ಕಟ್ಟಿನಲ್ಲಿ ಒಂದು ಇಂಗ್ಲಿಷ್ ಮಾಸಪತ್ರಿಕೆ ಸಿಕ್ಕಿತು. ಯಾವುದೋ ಹಡಗಿನಿಂದ ಬಂದದ್ದಿರಬೇಕು. ಅಮೆರಿಕದಲ್ಲಿ ಒಂದಷ್ಟು ಜನ ಹಿತ್ತಿಲಲ್ಲೇ ತೊಟ್ಟಿ ಕಟ್ಟಿ ಮೀನು ಸಾಕುತ್ತಾರೆ, ಮೀನಿನ ಕೊಳೆ ಸೇರಿದ ಆ ನೀರನ್ನು ಜಲ್ಲಿ ತುಂಬಿದ ಮಡಿಗೆ ಹಾಯಿಸಿ ತರಕಾರಿ ಬೆಳೆಯುತ್ತಾರೆ, ಜಲ್ಲಿಯಲ್ಲಿ ಸೋಸಿದ ನೀರು ಸ್ವಚ್ಛವಾಗಿ ಮತ್ತೆ ಮೀನಿಗೇ ಇಳಿಯುತ್ತದೆ ಎಂದು ಅದರಲ್ಲಿ ಬರೆದಿತ್ತು. ಮಣ್ಣು ಬೇಡ, ಗೊಬ್ಬರ ಬೇಡ, ಜಾಗ ಹೆಚ್ಚು ಬೇಡ. ಚಿತ್ತ ಅದನ್ನು ನಿಘಂಟು ಇಟ್ಟುಕೊಂಡು ಓದಿದ. ಓದಿ ಮುಗಿಸಿ, "ಇದು ನನಗಾಗಿಯೇ ಬರೆದದ್ದು ಮಾರಾಯ," ಎಂದ. ನಾನು ಅವನನ್ನು ಅಷ್ಟು ಖುಷಿಯಲ್ಲಿ ನೋಡಿದ್ದು ಕಡಿಮೆ.

ತೊಟ್ಟಿ ಕಟ್ಟಿಸಲು ಹಿತ್ತಿಲನ್ನು ತಂಗಿಯಲ್ಲಿ ಕೇಳಬೇಕಾಯಿತು. ಯಜಮಾನನಾದವನು ಕೇಳುವುದೆಂದರೆ ಅವರ ಮನೆಯಲ್ಲಿ ಹೊಸ ಮಾತು. ಶಶಿಪ್ರಭಾ ಬೇಡ ಎನ್ನಲಿಲ್ಲ. "ಎಂತ ಬೇಕಾದರೂ ಮಾಡು ಅಣ್ಣ. ಇನ್ನು ಹೋಗಲಿಕ್ಕೆ ಎಂತ ಉಂಟು?" ಎಂದಳು.

ಅವನು ಕಲಿತ ರೀತಿಯನ್ನು ಈಗ ನೆನೆದರೆ ನಗು ಬರುತ್ತದೆ, ನಗಲು ಆಗುವುದಿಲ್ಲ. ಸಿಮೆಂಟಿನ ತೊಟ್ಟಿಯಾದ ವಾರದಲ್ಲೇ ಕಾವೂರು ಕೆರೆಯಿಂದ ತಿಲಾಪಿಯ ಮರಿಗಳನ್ನು ಎಣ್ಣೆಡಬ್ಬಿಯಲ್ಲಿ ತುಂಬಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ. ಮರುದಿನ ಎಲ್ಲವೂ ಹೊಟ್ಟೆ ಮೇಲಾಗಿ ತೇಲಿದವು. ಹೊಸ ಸಿಮೆಂಟಿನ ಸುಣ್ಣ ನೀರಿಗೆ ಬಿಟ್ಟಿತ್ತು. ನನ್ನ ಹೆಂಡತಿ ಝೈನಬ್ ಕೇಳಿ ನಕ್ಕಳು: "ಹೊಸ ತೊಟ್ಟಿಗೆ ಬಾಳೆದಿಂಡು ಕೊಚ್ಚಿ ಹಾಕಿ ಕೊಳೆಸದೆ ಯಾರಾದರೂ ಮೀನು ಬಿಡ್ತಾರಾ?" ಸರಿ, ಬಾಳೆದಿಂಡು ಹಾಕಿದ, ಕೊಳೆಸಿದ, ತೊಳೆದ. ಮಡಿಗೆ ಜಲ್ಲಿಯ ಬದಲು ಮನೆಯ ಹಿಂದೆ ಬಿದ್ದಿದ್ದ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಚೂರು ತುಂಬಿದ. ಅದು ಕರಗಿ ನೀರೆಲ್ಲ ಕೆಂಪಾಗಿ, ಕೆಳಗಿಳಿಯದೆ ಮಡಿಯಲ್ಲೇ ಕಟ್ಟಿಕೊಂಡಿತು. ಮುರಕಲ್ಲನ್ನು ತೆಗೆದು ಕರಿಜಲ್ಲಿ ತುಂಬಿದ.

ಆಮೇಲೆ ಮಾಡಿದ್ದು ಅವನ ಕುಲದವರು ಮಾತ್ರ ಮಾಡಬಹುದಾದ ತಪ್ಪು. ಹೋಟೆಲಿನಲ್ಲಿ ಮಿಕ್ಕ ಕುಚ್ಚಲಕ್ಕಿ ಅನ್ನವನ್ನು ದಿನಾ ತಂದು ಮೀನಿಗೆ ಹಾಕತೊಡಗಿದ, ಮುಷ್ಟಿ ಮುಷ್ಟಿ. ನಾನು ಹೋದಾಗ ತೊಟ್ಟಿಯ ಬದಿಯಲ್ಲಿ ಕೂತು, ನೆಂಟರಿಗೆ ಬಡಿಸುವ ಹಾಗೆ ಬಡಿಸುತ್ತಿದ್ದ.

"ಸಾಕು ಮಾರಾಯ, ನೀರು ಹುಳಿಯಾಗ್ತದೆ," ಎಂದೆ.

"ಉಣ್ಣಲಿ ಪಾಪ. ನಮ್ಮ ಮನೆಯಲ್ಲಿ ಅರ್ಧಹೊಟ್ಟೆಗೆ ಯಾರನ್ನೂ ಎಬ್ಬಿಸಿದ ಕ್ರಮ ಇಲ್ಲ."

ಮೂರು ದಿನದಲ್ಲಿ ನೀರು ಗಬ್ಬು ನಾರಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು, ಸತ್ತವು. ಅವನ್ನು ತೆಂಗಿನ ಬುಡಕ್ಕೆ ಹೂಳುವಾಗ ಅವನ ಸೊಸೆ ಸ್ನೇಹಲತಾ, ಅಂದರೆ ಶಶಿಪ್ರಭಾಳ ಮಗಳು, ಅಡಿಗೆಮನೆಯ ಕಿಟಕಿಯಿಂದ ಕೂಗಿದಳು: "ಮಾವ, ಇವರು ಎಂತದರಲ್ಲಿ ತೀರಿಕೊಂಡದ್ದು?" ಅವನು ತಲೆ ಎತ್ತದೆ, "ಮರ್ಯಾದೆಯಲ್ಲಿ," ಎಂದ.

ಮೀನಿಗೆ ಹಸಿವಿರುವಷ್ಟೇ ಹಾಕಬೇಕು ಎಂಬುದನ್ನು ಕಲಿಯಲು ಅವನಿಗೆ ಅಷ್ಟು ಮೀನು ಬೇಕಾಯಿತು. ಪಂಪು ಇರಲಿಲ್ಲ. ಬೆಳಿಗ್ಗೆ ಹೋಟೆಲಿಗೆ ಹೋಗುವ ಮೊದಲು, ಸಂಜೆ ಬಂದ ಮೇಲೆ, ತೊಟ್ಟಿಯಿಂದ ಬಾಲ್ದಿಯಲ್ಲಿ ನೀರೆತ್ತಿ ಮಡಿಯ ತಲೆಯಲ್ಲಿ ಹೊಯ್ಯುತ್ತಿದ್ದ. ನೀರು ಜಲ್ಲಿಯೊಳಗೆ ಇಳಿದು, ಕೆಳಗಿನ ತೂತಿನಿಂದ ಸಣ್ಣ ಸದ್ದು ಮಾಡುತ್ತ ಮತ್ತೆ ತೊಟ್ಟಿಗೆ ಬೀಳುತ್ತಿತ್ತು. ಅಂಗೈ ಬೊಬ್ಬೆ ಎದ್ದು, ಒಡೆದು, ಗಟ್ಟಿಯಾಯಿತು. ಅದನ್ನು ನನಗೆ ತೋರಿಸುತ್ತಿದ್ದ. "ನೋಡು, ಈಗ ಬಂದು ಕೇಳಲಿ," ಎನ್ನುತ್ತಿದ್ದ. ಯಾರು ಬಂದು ಏನು ಕೇಳಬೇಕೆಂದು ನನಗೆ ಗೊತ್ತಿತ್ತು.

ಎಂಬತ್ತೊಂದರ ಹೊತ್ತಿಗೆ ತೊಟ್ಟಿ ಸರಿಯಾಯಿತು. ಅಂಗೈ ಅಗಲದ ಮೀನು, ಮಡಿಯಲ್ಲಿ ಹರಿವೆ, ಬೆಂಡೆ. ಅವನಿಗೆ ಒಂದು ಹಟ ಇತ್ತು. ಮೊದಲ ಬೆಳೆ ಮನೆಗೆ, ಮನೆಯವರು ಉಂಡ ಮೇಲೆ ಬೇರೆಯವರಿಗೆ. ಆದ್ದರಿಂದ ಒಂದು ಮೀನನ್ನು ಹಿಡಿದು ಬಟ್ಟಲಲ್ಲಿಟ್ಟು ತಂಗಿಗೆ ಕೊಡಲು ಹೋದ. ಅದು ಆಟಿ ತಿಂಗಳು, ಕಡಲಿಗೆ ಬೋಟು ಇಳಿಯದ ಕಾಲ. ಮಾರ್ಕೆಟಿನಲ್ಲಿ ಒಣಮೀನು ಬಿಟ್ಟರೆ ಏನಿಲ್ಲ. ತೆಗೆದುಕೊಳ್ಳುತ್ತಾಳೆಂದು ನಾನೂ ನಂಬಿದ್ದೆ.

ಶಶಿಪ್ರಭಾ ಬಟ್ಟಲನ್ನು ಮುಟ್ಟಲಿಲ್ಲ. "ಕೆರೆಮೀನಾ? ಕೆಸರಿನ ವಾಸನೆ. ಕಡಲಿನ ಬಂಗುಡೆ ತಿಂದ ಬಾಯಿಗೆ ಇದಾ?"

"ಕೆಸರೇ ಇಲ್ಲ ಶಶಿ ಇದರಲ್ಲಿ. ನೀರು ದಿನಾ ಸೋಸ್ತದೆ. ತಿಂದು ನೋಡು."

ನಿತ್ಯಾನಂದ ಜಗಲಿಯಿಂದಲೇ ಲೆಕ್ಕ ಬಿಡಿಸಿದ: "ಹೋಟೆಲಿನ ಅನ್ನ ಮೀನಿಗೆ, ಮೀನಿನ ಹೇಲು ಹರಿವೆಗೆ, ಹರಿವೆ ನಮಗೆ. ಭಾವ, ಒಳ್ಳೆ ಬಿಸ್ನೆಸ್. ಇದರಲ್ಲಿ ನಮ್ಮ ಜಾಗ ಯಾವುದೆಂದು ಸ್ವಲ್ಪ ಹೇಳಿ!" ಎಲ್ಲರೂ ನಕ್ಕರು. ಆ ಮಾತಿನ ನಂತರ ಮಡಿಯ ಬೆಂಡೆಯನ್ನೂ ಯಾರೂ ಅಡಿಗೆಮನೆಗೆ ಒಯ್ಯಲಿಲ್ಲ.

ಚಿತ್ತ ಬಟ್ಟಲಿನ ಮೀನನ್ನು ಮತ್ತೆ ತೊಟ್ಟಿಗೆ ಬಿಟ್ಟ. ನಾನು ಕೇಳಿದೆ, "ನನಗಾದರೂ ಕೊಡು, ಝೈನಬ್ ಸಾರು ಮಾಡ್ತಾಳೆ." ಕೊಡಲಿಲ್ಲ. "ಮನೆಯವರು ಉಣ್ಣಲಿ, ಆಮೇಲೆ ನಿನಗೇ ಮೊದಲು," ಎಂದ. ತಾನೂ ತಿನ್ನಲಿಲ್ಲ. ತಿಲಾಪಿಯ ಬೇಗ ಮರಿ ಹಾಕುವ ಜಾತಿ. ತೊಟ್ಟಿ ತುಂಬಿದಾಗಲೆಲ್ಲ ಹೆಚ್ಚಾದದ್ದನ್ನು ಅದೇ ಎಣ್ಣೆಡಬ್ಬಿಯಲ್ಲಿ ಹಾಕಿ, ಬಸ್ಸಿನಲ್ಲಿ ಕಾವೂರಿಗೆ ಹೋಗಿ ಕೆರೆಗೆ ಬಿಟ್ಟು ಬರುತ್ತಿದ್ದ. ಕಂಡಕ್ಟರ್ ಬೊನಿಫಾಸ್ ಅವನನ್ನು ಕಂಡರೆ, "ಆಳ್ವರೆ, ಮಕ್ಕಳನ್ನು ಅಜ್ಜಿಮನೆಗೆ ಬಿಡಲಿಕ್ಕಾ?" ಎನ್ನುತ್ತಿದ್ದ. ಅವನು ನಗುತ್ತಿದ್ದ.

ಮಡಿಯಲ್ಲಿ ಭತ್ತ ಹಾಕುವ ಯೋಚನೆ ಹೊಳೆದದ್ದು ಎಂಬತ್ತಮೂರರಲ್ಲಿ. "ಮೀನು ಬೇಡ ಅಂದಳು, ಬೆಂಡೆ ಬೇಡ ಅಂದಳು. ತೆನೆಯನ್ನು ಹೇಗೆ ಬೇಡ ಅಂತಾಳೆ? ಅದು ನಮ್ಮ ಮನೆಯದ್ದೇ ಕ್ರಮ," ಎಂದ. ಅಂಗಡಿಗೆ ಬಂದವರ ಮೂಲಕ ಒಂದು ಮುಷ್ಟಿ ಬಿತ್ತನೆಭತ್ತ ನಾನೇ ತರಿಸಿಕೊಟ್ಟೆ. ಹಳೆಯ ತಟ್ಟೆಯಲ್ಲಿ ಮೊಳಕೆ ಬರಿಸಿ, ಸಸಿಗಳನ್ನು ಒಂದೊಂದಾಗಿ ಜಲ್ಲಿಯ ನಡುವೆ ನೆಟ್ಟ. ಮಳೆ ಬಿರುಸಾದಾಗ ತೊಟ್ಟಿ ತುಂಬಿ, ಮೀನುನೀರು ತೆಳ್ಳಗಾಗಿ, ಸಸಿ ಹಳದಿಯಾಯಿತು. ತೊಟ್ಟಿಯ ಮೇಲೆ ತೆಂಗಿನ ಮಡಲಿನ ತಟ್ಟಿ ಹೊದಿಸಿದ. ಹಸಿರಾಯಿತು. ಕಾಳು ಹಾಲು ಕಟ್ಟುವಾಗ ಗುಬ್ಬಿ ಬಂತು. ತನ್ನ ಸೊಳ್ಳೆಪರದೆಯನ್ನೇ ತೆಗೆದು ಮಡಿಗೆ ಕಟ್ಟಿದ, ತಾನು ಸೊಳ್ಳೆ ಕಚ್ಚಿಸಿಕೊಂಡು ಮಲಗಿದ. ಆ ಮಳೆಗಾಲ ಮುಗಿಯುವಷ್ಟರಲ್ಲಿ ತೆನೆ ಬಾಗಿತ್ತು. ಎರಡು ಕೈಯಲ್ಲಿ ಹಿಡಿಯುವಷ್ಟು. ಅವನು ನನ್ನನ್ನು ಕರೆದು ಪರದೆ ಎತ್ತಿ ತೋರಿಸಿದ. ನನಗೆ ಗೇಣಿಯ ಗಾಡಿಗಳು ನೆನಪಾದವು. ಅವನಿಗೂ ಆಗಿರಬೇಕು.

ಮನೆಯಲ್ಲಿ ಮೊದಲೇ ಹೇಳಿಬಿಡು ಎಂದೆ. "ಬೇಡ. ತಲೆಯ ಮೇಲಿಟ್ಟು ತರುವಾಗ ನೋಡಲಿ," ಎಂದ.

ಹೊಸ ಅಕ್ಕಿ ಊಟಕ್ಕೆ ನನಗೆ ಪ್ರತಿವರ್ಷ ಹೇಳಿಕೆ ಇರುತ್ತಿತ್ತು. ಆ ವರ್ಷ ಸ್ನೇಹಲತಾಳ ಗಂಡನ ಮನೆಯವರೂ ಬಂದಿದ್ದರು. ಚಿತ್ತ ಬೆಳಿಗ್ಗೆ ಮಿಂದು, ಒದ್ದೆ ಪಂಚೆಯಲ್ಲೇ ಹಿತ್ತಿಲಿಗೆ ಹೋಗಿ ತೆನೆ ಕೊಯ್ದ. ಮಾವಿನ ಎಲೆ, ಹಲಸಿನ ಎಲೆ ಸೇರಿಸಿ, ಬಾಳೆ ಎಲೆಯಲ್ಲಿಟ್ಟು, ತಲೆಯ ಮೇಲೆ ಹೊತ್ತು, ಮನೆಯ ಬದಿಯಿಂದ ಸುತ್ತಿ ಎದುರಂಗಳಕ್ಕೆ ಬಂದ. ಗದ್ದೆಯಿಂದ ಬರುವವರ ಹಾಗೆ ನಿಧಾನ ಬಂದ. ನಾನು ಜಗಲಿಯಲ್ಲಿದ್ದೆ. ಅವನ ಬಾಯಿ "ಪೊಲಿ ಪೊಲಿ" ಎನ್ನುತ್ತಿತ್ತು. ಬೇರೆ ಯಾರ ಬಾಯೂ ಹೇಳಲಿಲ್ಲ.

ತುಳಸಿಕಟ್ಟೆಯ ಮೇಲೆ ಮಾರ್ಕೆಟಿನ ತೆನೆ ಆಗಲೇ ಇತ್ತು.

ಶಶಿಪ್ರಭಾ ಮೆಟ್ಟಿಲಿಳಿದು ಬಂದಳು. ಸ್ವರ ಏರಿಸಲಿಲ್ಲ, ನೆಂಟರಿದ್ದರು. "ಎಲ್ಲಿಯದು ಅಣ್ಣ?"

"ನಮ್ಮದು ಶಶಿ. ನಮ್ಮ ಹಿತ್ತಿಲಿನದ್ದು. ನಾನೇ ಬೆಳೆದದ್ದು."

"ಆ ಮಡಿಯದ್ದಾ?"

"ಹೌದು."

"ಮೀನಿನ ಹೇಲು ನೀರಿನದ್ದು." ಅವಳು ಒಂದು ಹೆಜ್ಜೆ ಹಿಂದೆ ಹೋದಳು. "ಇದನ್ನು ದೇವರ ಕೋಣೆಗೆ ಕಟ್ಟುವುದಾ? ನಿನಗೆ ಅಷ್ಟೂ ಗೊತ್ತಾಗ್ಲಿಲ್ಲವಾ ಅಣ್ಣ?"

ಅವನಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ನನಗೂ ಗೊತ್ತಾಗಿರಲಿಲ್ಲ. ತೊಟ್ಟಿಯ ಲೆಕ್ಕವನ್ನೆಲ್ಲ ಕಲಿತವನು ಇದೊಂದನ್ನು ಯೋಚಿಸಿರಲೇ ಇಲ್ಲ. ಸೆಗಣಿಗೊಬ್ಬರದ ಗದ್ದೆಯ ತೆನೆ ದೇವರಿಗೆ ಆಗುತ್ತದೆ, ಮೀನುನೀರಿನದ್ದು ಆಗುವುದಿಲ್ಲ. ಆಗಬಾರದು ಎಂದು ಎಲ್ಲಿ ಬರೆದಿದೆ ಎಂದು ಕೇಳಬೇಕೆಂದಿದ್ದೆ. ಆ ಮನೆಯ ದೇವರ ವಿಷಯದಲ್ಲಿ ಬಾಯಿ ಹಾಕುವವನು ನಾನಲ್ಲ. ಅವನಾದರೂ ಕೇಳಬಹುದಿತ್ತು. ಕೇಳಲಿಲ್ಲ. ತಲೆಯ ಮೇಲಿನ ಎಲೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ, ಇಳಿಸಲು ಜಾಗ ಕಾಣದವನ ಹಾಗೆ. ಕೊನೆಗೆ ನಾನೇ ಹೋಗಿ ಇಳಿಸಿಕೊಂಡೆ.

ಊಟಕ್ಕೆ ಕೂತಾಗ ಆ ಮನೆಯ ಹಿರಿಯ ಅವನೇ. ಸ್ನೇಹಲತಾ ಅವನ ಕಡೆ ತಿರುಗಿ, "ಹೊಸತು ಉಣ್ತೇನೆ ಮಾವ," ಎಂದಳು. ಶಶಿಪ್ರಭಾ, "ಹೊಸತು ಉಣ್ತೇನೆ ಅಣ್ಣ," ಎಂದಳು. ನೆಂಟರ ಕಡೆಯ ಚಿಕ್ಕವರೂ ಹೇಳಿದರು. ಎಲೆಯಲ್ಲಿದ್ದುದು ಹೂವಿನವಳ ಬುಟ್ಟಿಯ ತೆನೆಯ ಕಾಳು. ಅವನು ಒಬ್ಬೊಬ್ಬರ ಮುಖ ನೋಡಿ, "ಉಣ್ಣು," "ಉಣ್ಣು," ಎನ್ನುತ್ತ ಹೋದ. ಕ್ರಮ ತಪ್ಪಿಸಲಿಲ್ಲ.

ಅವನ ತೆನೆಯನ್ನು ನಾನು ಅಂಗಡಿಯ ತೊಲೆಗೆ ಕಟ್ಟಿದೆ. ಒಂದೆರಡು ವಾರದಲ್ಲಿ ಗುಬ್ಬಿಗಳು ಅದನ್ನು ಖಾಲಿ ಮಾಡಿದವು. ಚಿತ್ತ ಅಕ್ಕಿಮೂಟೆಯ ಮೇಲೆ ಕೂತು ನೋಡುತ್ತಿದ್ದ, ಓಡಿಸಲು ನನ್ನನ್ನು ಬಿಡಲಿಲ್ಲ. "ಉಣ್ಣಲಿ, ಇವರಾದರೂ ಎಲ್ಲಿಯದೆಂದು ಕೇಳಲಿಲ್ಲ," ಎಂದ.

ಆಮೇಲೆ ಭತ್ತ ಹಾಕಲಿಲ್ಲ. ಮಡಿಯಲ್ಲಿ ತಾನಾಗಿ ಹುಟ್ಟಿದ್ದು ಹುಟ್ಟಿತು. ನೀರು ಹೊಯ್ಯುವುದನ್ನು ಮಾತ್ರ ಬಿಡಲಿಲ್ಲ. ಬಿಟ್ಟರೆ ಮೀನು ಸಾಯುತ್ತದೆ. ಡಾಕ್ಟರು ಹೃದಯ ಸರಿ ಇಲ್ಲ, ಭಾರ ಎತ್ತಬೇಡಿ ಎಂದ ಮೇಲೂ ಬಾಲ್ದಿಯನ್ನು ಅರ್ಧ ತುಂಬಿಸಿ ಹೊಯ್ಯುತ್ತಿದ್ದ, ಎರಡು ಪಟ್ಟು ಸಲ. ಕಳೆದ ವರ್ಷ ಮಳೆ ಹಿಡಿದ ಮೇಲೆ ಆಸ್ಪತ್ರೆಗೆ ಸೇರಿಸಿದರು. ನಾನು ಹೋದಾಗ ಕೇಳಿದ: "ತೊಟ್ಟಿಗೆ ನೀರು?"

"ಮಳೆ ಹೊಯ್ತಾ ಉಂಟು ಮಾರಾಯ, ನೀನು ಸುಮ್ಮನೆ ಮಲಗು."

"ಮಳೆ ನೀರು ತೆಳ್ಳಗೆ. ತಟ್ಟಿ ಹೊದಿಸು," ಎಂದ. ನಮ್ಮ ನಡುವಿನ ಕೊನೆಯ ಮಾತು ಅದೇ. ನಾನು ಹೋಗಿ ತಟ್ಟಿ ಹೊದಿಸಿ ಬಂದೆ. ಮರುದಿನ ಅವನು ಇರಲಿಲ್ಲ.

ಉತ್ತರಕ್ರಿಯೆ ಮುಗಿದ ಮೇಲೆ, ಆಟಿ ತಿಂಗಳಲ್ಲಿ, ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುವ ಕ್ರಮ ಅವರಲ್ಲಿ ಉಂಟು. ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಬೇಕು. ಕೋಳಿ ಬೇಕು, ಮೀನು ಬೇಕು. ಸಂಜೆಯ ಹೊತ್ತಿಗೆ ನಾನೂ ಹೋಗಿದ್ದೆ. ನಿತ್ಯಾನಂದ ಬಂದರಿನವರೆಗೆ ಹೋಗಿ ಬರಿಗೈಯಲ್ಲಿ ಬಂದಿದ್ದ. ಬೋಟು ಇಳಿದಿರಲಿಲ್ಲ, ಒಣಮೀನನ್ನು ಎಲೆಗೆ ಬಡಿಸುವ ಹಾಗಿಲ್ಲ.

"ಹಿತ್ತಿಲಲ್ಲಿ ಉಂಟಲ್ಲ," ಎಂದಳು ಶಶಿಪ್ರಭಾ.

ತಟ್ಟಿ ಸರಿಸಿ, ಬುಟ್ಟಿ ಮುಳುಗಿಸಿ ಮೀನು ಹಿಡಿದರು. ಅಡಿಗೆಮನೆಯಿಂದ ಕೊತ್ತಂಬರಿ, ಹುಣಸೆಹುಳಿ ಹಾಕಿ ಅರೆದ ಮಸಾಲೆಯ ಪರಿಮಳ ಬಂತು. ಒಳಗಿನ ಕೋಣೆಯಲ್ಲಿ ದೀಪ ಹಚ್ಚಿ, ಬಾಳೆ ಎಲೆ ಹಾಕಿ, ಅನ್ನ ಬಡಿಸಿ, ಪಕ್ಕದಲ್ಲಿ ಆ ಮೀನಿನ ಸಾರು ಬಡಿಸಿದರು. ಅವನು ಬೆಳೆದದ್ದು ಆ ಮನೆಯ ಎಲೆಗೆ ಬಿದ್ದದ್ದು ಆಗ, ಅವನ ಎಲೆಗೇ. ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾದರು. ತೆರೆದ ಮೇಲೆ ಒಬ್ಬೊಬ್ಬರೇ ಅಡ್ಡಬಿದ್ದರು. ಶಶಿಪ್ರಭಾ ಅಡ್ಡಬಿದ್ದವಳು ಬೇಗ ಏಳಲಿಲ್ಲ. ಅವಳ ದುಃಖ ಸುಳ್ಳೆಂದು ನಾನು ಹೇಳುವುದಿಲ್ಲ.

ಎಲೆಯದನ್ನು ಹಂಚಿಕೊಂಡು ಮನೆಯವರು ಊಟಕ್ಕೆ ಕೂತರು. ಸತ್ತವರಿಗೆ ಬಡಿಸಿದ್ದು ನಮಗೆ ಆಗುವುದಿಲ್ಲವೆಂದು ಶಶಿಪ್ರಭಾಳಿಗೆ ಗೊತ್ತು. "ಜಮಾಲಣ್ಣ, ಎಲೆಗೆ ಹಾಕುವ ಮೊದಲೇ ನಿಮಗೆ ಬೇರೆ ತೆಗೆದಿಟ್ಟಿದ್ದೇನೆ," ಎಂದು ಜಗಲಿಯಲ್ಲೇ ಬಡಿಸಿದಳು. ಹಿರಿಯರನ್ನು ಕೇಳಿ ಉಣ್ಣುವ ಕ್ರಮ ನಮ್ಮಲ್ಲಿ ಇಲ್ಲ, ಆದರೂ ಒಳಗಿನ ದೀಪದ ಕಡೆ ನೋಡಿ ಮನಸ್ಸಿನಲ್ಲೇ ಹೇಳಿದೆ, ಹೊಸತು ಉಣ್ತೇನೆ ಚಿತ್ತ. ತುಂಡು ಮುರಿದು ಬಾಯಿಗಿಟ್ಟೆ. ಕೆಸರಿನ ವಾಸನೆ ಒಂದಿಷ್ಟೂ ಇರಲಿಲ್ಲ. ಅವನು ಆ ವಿಷಯದಲ್ಲೂ ಸತ್ಯವನ್ನೇ ಹೇಳಿದ್ದ.

ಒಳಗಿನಿಂದ ನಿತ್ಯಾನಂದನ ಸ್ವರ ಕೇಳಿತು. "ಏ, ಮೀನು ಭಾರೀ ಲಾಯ್ಕ್ ಉಂಟಲ್ಲ! ಇಷ್ಟು ವರ್ಷ ಹಿತ್ತಿಲಲ್ಲಿ ಇಟ್ಟುಕೊಂಡು ಭಾವ ನಮಗೆ ಒಂದು ದಿನ ಕೊಡಲಿಲ್ಲ ನೋಡಿ!"

ಯಾರೋ ಹೌದೌದು ಎಂದರು. ಶಶಿಪ್ರಭಾ ಏನಾದರೂ ಹೇಳುತ್ತಾಳೇನೋ ಎಂದು ಕೈ ತಡೆದು ಕಾದೆ. ಅವಳು, "ಇನ್ನೊಂದು ತುಂಡು ಹಾಕ್ಲಾ?" ಎಂದು ಅವನನ್ನು ಕೇಳಿದಳು.

ನಾನು ಎಲೆ ಮಡಚಿ, ಕೈ ತೊಳೆಯಲು ಹಿತ್ತಿಲಿಗೆ ಹೋದೆ. ಮೀನು ಹಿಡಿದವರು ತಟ್ಟಿಯನ್ನು ಮತ್ತೆ ಹೊದಿಸಿರಲಿಲ್ಲ. ಮಳೆ ನೇರ ತೊಟ್ಟಿಗೆ ಬೀಳುತ್ತಿತ್ತು. ಬಾಲ್ದಿ ಅವನು ಇಟ್ಟಲ್ಲೇ ಇತ್ತು.